ರೆಕ್ಕೆ ಬಾಗುತ್ತದೆ, ಆದರೆ ಮುರಿಯುವುದಿಲ್ಲ: ಏಕೆ?

ಹೋದ ತಿಂಗಳು ನಮ್ಮ ವಾಚನಾಲಯದ ಸದಸ್ಯರೊಬ್ಬರು, ತಾಯಿಯವರಿಗೆ ಮೈಯಲ್ಲಿ ಸರಿಯಿಲ್ಲವೆಂದು ಸುದ್ದಿ ಬಂದು, ಶಂಷಾಬಾದಿನಿಂದ ಬೆಂಗಳೂರಿಗೆ ಮೊದಲ ಸಲ ವಿಮಾನದಲ್ಲಿ ಹೋದರು. ಹಿಂತಿರುಗಿದ ಮೇಲೆ ಪತ್ರಿಕೆಗಳ ಮೇಜಿನ ಬಳಿ ಕುಳಿತು, "ತಾಯಿ ಗುಣವಾದರು ಸ್ವಾಮಿ. ಆದರೆ ಆ ರೆಕ್ಕೆ ಅಡಕೆ ಮರದ ಹಾಗೆ ಓಲಾಡುತ್ತಿತ್ತು. ಇಳಿಯುವ ತನಕ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ" ಎಂದರು. ನಾವೆಲ್ಲ ನಕ್ಕೆವು. ಆದರೆ ರೆಕ್ಕೆ ಏಕೆ ಮುರಿಯಲಿಲ್ಲ ಎಂದು ಅವರು ಕೇಳಿದಾಗ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಹಿಂದೂಸ್ತಾನ್ ಏರೊನಾಟಿಕ್ಸ್ ಸಂಸ್ಥೆಯ ಘಟಕವು 1965ರಿಂದ ಇರುವ ಬಾಲಾನಗರದಲ್ಲಿ ಅನ್ನ ಸಂಪಾದಿಸುವ ನಮಗೆ ಇದು ತಿಳಿಯದಿರುವುದು ಸಲ್ಲದೆಂದು ತೋರಿ ಈ ನಾಲ್ಕು ಮಾತು ಬರೆದಿದ್ದೇವೆ.

ಮೊದಲು ಭಾರದ ಲೆಕ್ಕ. ನೆಲದ ಮೇಲೆ ವಿಮಾನವನ್ನು ಹೊರುವುದು ಗಾಲಿಗಳು. ರೆಕ್ಕೆಗಳು ತಮ್ಮ ತೂಕಕ್ಕೂ ಒಳಗಿನ ಇಂಧನದ ತೂಕಕ್ಕೂ ತುಸು ಜೋತಿರುತ್ತವೆ. ಮೇಲೆದ್ದೊಡನೆ ಇಡೀ ವಿಮಾನವನ್ನು ಹೊರುವ ಕೆಲಸ ರೆಕ್ಕೆಗಳದಾಗುತ್ತದೆ. ಬಿದಿರಿನ ಗಳುವಿನ ನಡುವೆ ಮೂಟೆ ಕಟ್ಟಿ ಇಬ್ಬರು ಎರಡು ತುದಿಗಳನ್ನು ಹೆಗಲಿಗೆ ಏರಿಸಿದರೆ ಗಳು ನಡುವೆ ತಗ್ಗಿ ತುದಿಯಲ್ಲಿ ಏಳುವುದಷ್ಟೆ? ರೆಕ್ಕೆಗೂ ಆಗುವುದು ಅದೇ. ಆಗ ರೆಕ್ಕೆಯ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ, ಮೇಲ್ಮೈ ಅದುಮುವಿಕೆಗೆ ಸಿಕ್ಕುತ್ತದೆ. ಲೋಹದ ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವ ಈ ಬಲವನ್ನೇ ಇಂಜಿನಿಯರರು ಸ್ಟ್ರೆಸ್ ಎನ್ನುತ್ತಾರೆ. ಬಲ ತೆಗೆದೊಡನೆ ಲೋಹ ಮೊದಲಿನ ಆಕಾರಕ್ಕೆ ಮರಳುವಷ್ಟರಲ್ಲಿ ಬಾಗುವಿಕೆ ಇದ್ದರೆ ಭಯವಿಲ್ಲ. ನಮ್ಮ ಸದಸ್ಯರು ಕಂಡ ಓಲಾಟ ಈ ಬಗೆಯದು.

ಆದರೆ ಭಾರವು ಸದಾ ಒಂದೇ ಸಮನಾಗಿರುವುದಿಲ್ಲ. ಎತ್ತರ ತಪ್ಪದಂತೆ ವಿಮಾನವನ್ನು 60 ಡಿಗ್ರಿ ಓರೆಮಾಡಿ ತಿರುಗಿಸಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಬಿರುಗಾಳಿಯ ಏಟು ಬೇರೆ. 1953ರ ಮೇ 2ರಂದು ಕಲ್ಕತ್ತೆಯಿಂದ ಮೇಲೆದ್ದ ಕಾಮೆಟ್ ಎಂಬ ಜೆಟ್ ವಿಮಾನ ಗುಡುಗು ಗಾಳಿಗೆ ಸಿಕ್ಕಿ ಆಕಾಶದಲ್ಲೇ ಒಡೆದು, 43 ಮಂದಿ ಸತ್ತರು. ಆದುದರಿಂದ ದೊಡ್ಡ ಪ್ರಯಾಣಿಕ ವಿಮಾನಗಳ ರೆಕ್ಕೆ ವಿಮಾನದ ತೂಕದ ಎರಡೂವರೆ ಪಟ್ಟು ಭಾರವನ್ನಾದರೂ ಶಾಶ್ವತವಾಗಿ ಸೊಟ್ಟಗಾಗದೆ ಹೊರತಕ್ಕದ್ದು ಎಂದು ನಿಯಮವಿದೆ. ಅದರ ಮೇಲೆ ಇನ್ನೂ ಒಂದೂವರೆ ಪಟ್ಟು, ಅಂದರೆ 3.75 ಪಟ್ಟು ಭಾರ ಹೇರಿದಾಗ, ರೆಕ್ಕೆ ಸೊಟ್ಟಗಾದರೂ ಸರಿ, 3 ಸೆಕೆಂಡು ಕಾಲ ಮುರಿಯದೆ ನಿಲ್ಲಬೇಕು.

ಒಂದೂವರೆಯೇ ಏಕೆ, ಐದು ಪಟ್ಟು ಇಡಬಾರದೇ ಎಂದು ಕೇಳಬಹುದು. ಮನೆಯ ತೊಲೆ ದಪ್ಪವಾದರೆ ನಷ್ಟವಾಗುವುದು ಹಣ ಮಾತ್ರ. ವಿಮಾನದ ತೊಲೆ ದಪ್ಪವಾದರೆ ಅದನ್ನು ಎತ್ತಲು ಹೆಚ್ಚು ಇಂಧನ, ಇಂಧನ ಹೊರಲು ಮತ್ತೂ ದೊಡ್ಡ ರೆಕ್ಕೆ. ಕೊನೆಗೆ ಅದು ಮೇಲೇಳುವುದೇ ಕಷ್ಟ. ಆದುದರಿಂದ ವಿಮಾನದಲ್ಲಿ ಲೋಹದ ಮಿಗಿಲು ಸ್ವಲ್ಪ. ಆ ಕೊರತೆಯನ್ನು ತುಂಬುವುದು ಮನುಷ್ಯನ ಎಚ್ಚರ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಲೋಹದ ಆಯ್ಕೆಯಲ್ಲೂ ಈ ಎಚ್ಚರ ಕಾಣುತ್ತದೆ. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ತೂಕದ್ದು. ಆದರೆ ಬರಿಯ ಅಲ್ಯೂಮಿನಿಯಂ ಮೆದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತ 1906ರಲ್ಲಿ, ಸ್ವಲ್ಪ ತಾಮ್ರ ಬೆರೆಸಿ ಕಾಯಿಸಿ ತಟ್ಟನೆ ತಣಿಸಿಟ್ಟರೆ ಅದು ಕೆಲವು ದಿನಗಳಲ್ಲಿ ತಾನೇ ಗಟ್ಟಿಯಾಗುವುದೆಂದು ಕಂಡುಕೊಂಡನು. ಡ್ಯುರಾಲುಮಿನ್ ಹುಟ್ಟಿದ್ದು ಹೀಗೆ. ಬಿಸಿ ಹೆಚ್ಚಿರುವ ಕಡೆ ಟೈಟೇನಿಯಂ ಬೇಕು. ಅಂಥ ಮಿಶ್ರಲೋಹಗಳನ್ನು ನಮ್ಮ ಹೈದರಾಬಾದಿನ ಕಂಚನ್‌ಬಾಗಿನಲ್ಲಿರುವ ಮಿಶ್ರ ಧಾತು ನಿಗಮ ತಯಾರಿಸುತ್ತದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನಲ್ಲಿ ಇಂಗಾಲದ ನೂಲನ್ನು ರಾಳದಲ್ಲಿ ಕೂಡಿಸಿ ಮಾಡಿದ ಹಗುರ ವಸ್ತು ಹೇರಳವಾಗಿದೆ.

ಇಷ್ಟಾದರೂ ಒಂದು ಶತ್ರು ಉಳಿಯುತ್ತದೆ: ಲೋಹದ ದಣಿವು. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಕೈಯಲ್ಲೇ ತುಂಡಾಗುತ್ತದೆ. ಇನ್ನೂ ಸಣ್ಣ ಭಾರವಾದರೂ ಸಾವಿರಾರು ಸಲ ಬಂದುಹೋದರೆ ಇದೇ ಗತಿ. 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿ ತೆಳು, ಒಳಗಿನದು ದಟ್ಟ. ವಿಮಾನದ ಒಡಲಿನ ಪ್ರತಿ ಚದರ ಅಡಿಯನ್ನೂ ಒಳಗಿನ ಗಾಳಿ ಅರ್ಧ ಟನ್ನಿನಷ್ಟು ಬಲದಿಂದ ಹೊರಗೆ ದಬ್ಬುತ್ತದೆ. ಇಳಿದಾಗ ಆ ಬಲ ಇಲ್ಲವಾಗುತ್ತದೆ. ಪ್ರತಿ ಹಾರಾಟಕ್ಕೂ ಒಡಲು ಹೀಗೆ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ.

1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಇನ್ನೆರಡು ಕಾಮೆಟ್ ವಿಮಾನಗಳು ಇಟಲಿಯ ಬಳಿ ಸಮುದ್ರದ ಮೇಲೆ ಒಡೆದವು. ಒಟ್ಟು 56 ಮಂದಿ ಮಡಿದರು. ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಅದೇ ಜಾತಿಯ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಹಿಂದಿನ ಹಾರಾಟಗಳನ್ನೂ ಸೇರಿಸಿ ಸುಮಾರು 3,000 ಸಲಕ್ಕೆ ಕಿಟಕಿಯ ಮೂಲೆಯಿಂದ ಒಡಲು ಸೀಳಿತು. ಹೊಳೆಯ ನೀರು ಸೇತುವೆಯ ಕಂಬದ ಪಕ್ಕದಲ್ಲಿ ಒತ್ತಿ ಹರಿಯುವಂತೆ, ತಗಡಿನಲ್ಲಿ ಕಂಡಿ, ತೂತು, ಗೀರು ಇದ್ದ ಕಡೆ ಸ್ಟ್ರೆಸ್ ಒತ್ತಿ ಸೇರುತ್ತದೆ. ಮೂಲೆ ಚೂಪಾದಷ್ಟೂ ಅದು ಹೆಚ್ಚು.

ಅಂದಿನಿಂದ ವಿಮಾನ ಕಟ್ಟುವವರು ಬಿರುಕು ಬಾರದಿರಲಿ ಎಂದು ಹಾರೈಸಿ ಕೂರುವುದಿಲ್ಲ. ಒಂದು ಭಾಗ ಮುರಿದರೆ ಪಕ್ಕದ ಭಾಗ ಭಾರ ಹೊರುವಂತೆಯೂ, ಬಿರುಕು ಅಪಾಯದ ಉದ್ದಕ್ಕೆ ಬೆಳೆಯುವ ಮೊದಲೇ ಪರೀಕ್ಷಕನ ಕಣ್ಣಿಗೆ ಬೀಳುವಂತೆಯೂ ರಚಿಸುತ್ತಾರೆ. ಇಂತಿಷ್ಟು ಹಾರಾಟಕ್ಕೊಮ್ಮೆ ಇಂತಿಂಥ ಜಾಗ ನೋಡತಕ್ಕದ್ದೆಂದು ಬರೆದಿಡುತ್ತಾರೆ. ಹಾರಾಟದ ಯೋಗ್ಯತೆ ಎಂಬ ಪ್ರಮಾಣಪತ್ರ ನಿಂತಿರುವುದು ಇದರ ಮೇಲೆ. ನಮ್ಮಲ್ಲಿ ಪ್ರಯಾಣಿಕ ವಿಮಾನಗಳಿಗೆ ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ನೋಡುವವರು ನೋಡದಿದ್ದರೆ? 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ, 89,680 ಹಾರಾಟ ಮುಗಿಸಿದ್ದ ಬೋಯಿಂಗ್ ವಿಮಾನವೊಂದರ ಚಾವಣಿ 18 ಅಡಿಯಷ್ಟು ಕಿತ್ತುಹೋಯಿತು. ರಿವೆಟ್ಟಿನ ತೂತುಗಳಲ್ಲಿ ಹುಟ್ಟಿದ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ವಿಮಾನ ಹೇಗೋ ಇಳಿಯಿತು. ಪರಿಚಾರಿಕೆಯೊಬ್ಬರು ಪ್ರಾಣ ಕಳೆದುಕೊಂಡರು. ಹತ್ತುವಾಗಲೇ ಒಬ್ಬ ಪ್ರಯಾಣಿಕರು ಬಿರುಕನ್ನು ಕಂಡಿದ್ದರು, ಯಾರಿಗೂ ಹೇಳಿರಲಿಲ್ಲ.

ಬಾಲಾನಗರದ ಘಟಕದಲ್ಲಿ ತಯಾರಾಗುವುದು ವಿಮಾನದ ಒಡಲಲ್ಲ, ಅದರ ಕಣ್ಣು ಕಿವಿಗಳಾದ ವಿದ್ಯುತ್ ಉಪಕರಣಗಳು. ನಮಗೇನು ಸಂಬಂಧ ಎನ್ನಬೇಡಿ. ಕಾಳಗದ ವಿಮಾನ ಗಕ್ಕನೆ ತಿರುಗಿ ಭಾರ 8 ಪಟ್ಟಾದರೆ 10 ಕಿಲೊ ಪೆಟ್ಟಿಗೆ 80 ಕಿಲೊ ಆಗಿ ತನ್ನ ನಾಲ್ಕು ಸ್ಕ್ರೂಗಳನ್ನು ಜಗ್ಗುತ್ತದೆ. ಆಗ ಸ್ಕ್ರೂ ಬಿಗಿದ ಕೈಯ ಪರೀಕ್ಷೆ.

ನಮ್ಮಲ್ಲೊಬ್ಬರು ಹುಡುಗುತನದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ಡ್ರಿಲ್ಲು ಜಾರಿ ತಗಡಿಗೆ ಗೀರು ಬಿತ್ತು. ಸಂಬಳ ಹಿಡಿದಾರೆಂದು ಬಣ್ಣ ಬಳಿಯಲು ಹೊರಟರು. ಹಿರಿಯ ಫಿಟ್ಟರು ಕೈ ಹಿಡಿದು, "ತಮ್ಮಾ, ಬಣ್ಣದ ಅಡಿಯಲ್ಲೂ ಬಿರುಕು ಬೆಳೀತದೆ. ಹೋಗಿ ಹೇಳು" ಎಂದರು. ಅರ್ಧ ದಿನದ ಸಂಬಳ ಹೋಯಿತು; ತಗಡು ಗುಜರಿಗೆ ಹೋಯಿತು. ಇಂದಿಗೂ ಅವರು ಆ ಫಿಟ್ಟರನ್ನು ನೆನೆಯುತ್ತಾರೆ.

ಕೆಲಸಗಾರರು ತಪ್ಪನ್ನು ಮುಚ್ಚದಿರಲಿ. ಗುಮಾಸ್ತರು ನೋಡದ ಭಾಗಕ್ಕೆ ನೋಡಿದೆವೆಂದು ಬರೆಯದಿರಲಿ. ಹೇಳಿದವನಿಗೆ ಮೇಲಿನವರು ದಂಡ ಹಾಕದಿರಲಿ. ಆ ಒಂದೂವರೆ ಪಟ್ಟು ಸಾಕಾಗುವುದು ಇವು ಮೂರೂ ನಡೆದಾಗ ಮಾತ್ರ. ಈ ವಿಷಯದಲ್ಲಿ ಇನ್ನೂ ಕೇಳಬೇಕಾದುದಿದ್ದರೆ ಚೀಟಿ ಬರೆದು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಹಾಕಿರಿ. ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ.