ಅತಿಥಿಯು ಆತಿಥೇಯಳಾದ ಬಗೆ

ಪರದೇಶದಲ್ಲಿ ಓದುತ್ತಿರುವ ವಿದ್ಯಾರ್ಥಿಯು ತನ್ನನ್ನು ಕಾಣಬಂದ ಮಿತ್ರರಿಗೆ ಆ ಊರನ್ನು ತೋರಿಸುವುದೆಂಬುದು ಮೇಲ್ನೋಟಕ್ಕೆ ಅಲ್ಪವಿಷಯವೆಂದು ಕಾಣಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಆ ವಿದ್ಯಾರ್ಥಿಯು ಅಲ್ಲಿ ಬಾಳುತ್ತಿರುವನೋ ಅಥವಾ ಬರಿದೆ ತಂಗಿರುವನೋ ಎಂಬುದು ಇದರಿಂದಲೇ ವ್ಯಕ್ತವಾಗುವುದೆಂದು ಕಳೆದ ವೈಶಾಖದಲ್ಲಿ ನಮಗೆ ಮನದಟ್ಟಾಯಿತು. ವಾಚಕರ ಮನೆಗಳಿಂದಲೂ ಮಕ್ಕಳು ಹೊರನಾಡುಗಳಿಗೆ ಹೋಗುತ್ತಿರುವ ಕಾಲವಿದಾದುದರಿಂದ ಅದನ್ನಿಲ್ಲಿ ನಿವೇದಿಸುವೆವು.

ನಮ್ಮ ಕಿರಿಯ ಮಗಳು ವಿದ್ಯಾರ್ಥಿ ವಿನಿಮಯದ ಮೇರೆಗೆ ಒಂದು ವರ್ಷದ ಮಟ್ಟಿಗೆ ಜರ್ಮನಿಯ ಟ್ಯೂಬಿಂಗನ್ ನಗರಕ್ಕೆ ಹೋಗಿದ್ದಳು. ಅವಳನ್ನು ಅಷ್ಟು ದೂರ ಕಳುಹಿಸಲು ನಮ್ಮ ಮನಸ್ಸು ಪೂರ್ಣವಾಗಿ ಒಪ್ಪಿರಲಿಲ್ಲ. ಏಳು ತಿಂಗಳು ಕಳೆದ ಬಳಿಕ ನಾವೂ ನಮ್ಮ ಮನೆಯಾಕೆಯೂ ಅವಳನ್ನು ನೋಡಿಬರಲು ಹೊರಟೆವು. ಯೂರೋಪಿನ ಬೇರೆ ಊರುಗಳಲ್ಲಿ ಓದುತ್ತಿದ್ದ ಅವಳ ಗೆಳತಿಯರಿಬ್ಬರೂ ಅದೇ ಸಮಯಕ್ಕೆ ಅಲ್ಲಿಗೆ ಬಂದು ಕೂಡಿಕೊಂಡರು.

ಮೊದಲನೆಯ ದಿನ ಮಗಳು ಲೋಕಪ್ರಸಿದ್ಧವಾದುವನ್ನೆಲ್ಲ ತೋರಿಸಿದಳು. ಸಂತೆಚೌಕದ ನಗರಸಭಾಭವನವು 1435ರಲ್ಲಿ ಕಟ್ಟಿದುದು. ಅದರ ಮುಂಭಾಗದಲ್ಲಿರುವ ಖಗೋಳ ಗಡಿಯಾರವು 1511ನೆಯ ವರ್ಷದ್ದು. ಗುಡ್ಡದ ಮೇಲಣ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮಹಾಗಜದ ದಂತದಿಂದ ಕೊರೆದ ಪುಟ್ಟ ಕುದುರೆಯೊಂದಿದೆ. ಎರಡು ಅಂಗುಲದಷ್ಟೂ ಉದ್ದವಿಲ್ಲದ ಅದನ್ನು ಹತ್ತಾರು ಸಹಸ್ರ ವರ್ಷಗಳ ಹಿಂದೆ ಗುಹಾವಾಸಿಯೊಬ್ಬನು ಕೆತ್ತಿದನೆಂದರೆ ಯಾರಿಗೆ ತಾನೆ ವಿಸ್ಮಯವಾಗದು! 1869ರಲ್ಲಿ ಮೀಷರ್ ಎಂಬ ತರುಣ ವಿಜ್ಞಾನಿಯು ಜೀವಕೋಶಗಳ ಗರ್ಭದೊಳಗಿನ ಒಂದು ಹೊಸ ದ್ರವ್ಯವನ್ನು ಕಂಡುಹಿಡಿದದ್ದೂ ಇದೇ ಕೋಟೆಯ ಹಳೆಯ ಅಡಿಗೆಮನೆಯಲ್ಲಂತೆ. ಇಂದು ಎಲ್ಲರ ಬಾಯಲ್ಲಿರುವ ಡಿಎನ್‌ಎ ಶಾಸ್ತ್ರಕ್ಕೆ ಅದೇ ನಾಂದಿ.

1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಮುಂದೆ ಬಂದಾಗ ಅವಳು, "ಅಪ್ಪಾ, ಇದು ನಿಮಗೋಸ್ಕರ" ಎಂದಳು. ಬ್ಯೋಟ್ಲಿಂಕ್ ಪಂಡಿತನೊಡನೆ ಸೇರಿ ಏಳು ಸಂಪುಟಗಳ ಸಂಸ್ಕೃತ ಮಹಾಕೋಶವನ್ನು ರಚಿಸಿದ ರೋಟ್ ಪಂಡಿತನು ಪಾಠ ಹೇಳಿದುದು ಇಲ್ಲಿಯೇ. ಕನ್ನಡಿಗರಿಗೆ ನಿಘಂಟನ್ನಿತ್ತ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರ್ ಪದವಿಯನ್ನಿತ್ತುದೂ ಈ ವಿದ್ಯಾಪೀಠವೇ. ಅವರು 1903ರಲ್ಲಿ ದೇಹವಿಟ್ಟುದೂ ಈ ಊರಿನಲ್ಲಿಯೇ. ಇಪ್ಪತ್ತೊಂದರ ಪ್ರಾಯದಲ್ಲಿ ನಮ್ಮ ನಾಡಿಗೆ ಬಂದು, ನಮ್ಮ ನುಡಿಯನ್ನು ಮಕ್ಕಳಂತೆ ಅಕ್ಷರಾಭ್ಯಾಸದಿಂದ ಮೊದಲ್ಗೊಂಡು ಕಲಿತ ಆ ಪರದೇಶಿಯನ್ನು ನೆನೆದು ನಾವು ಮೌನವಾಗಿ ಕೈಮುಗಿದೆವು.

ಸಂಜೆಯ ವೇಳೆಗೆ ಎಲ್ಲರ ಕಾಲೂ ಸೋತಿದ್ದುವು. ಹತ್ತು ಸ್ಥಳಗಳ ಪಟ್ಟಿಯಲ್ಲಿ ನಾಲ್ಕು ಉಳಿದಿದ್ದುವು. ಮಗಳು ಆ ಪಟ್ಟಿಯನ್ನು ಮಡಿಸಿಟ್ಟು, "ನಾಳೆ ಭಾನುವಾರ. ನನ್ನ ಊರನ್ನು ತೋರಿಸುತ್ತೇನೆ" ಎಂದಳು.

ಮರುದಿನ ತನ್ನ ನಿಲಯದ ಬಟ್ಟೆ ಒಗೆಯುವ ಕೊಠಡಿಯನ್ನೂ, ಹಲವರು ಕೂಡಿ ಬಳಸುವ ಅಡಿಗೆಮನೆಯನ್ನೂ, ಖಾಲಿ ಬಾಟಲಿಗಳನ್ನು ಹಿಂದಿರುಗಿಸಿದರೆ ಮುಂಗಡದ ಹಣವನ್ನು ಮರಳಿ ಕೊಡುವ ಯಂತ್ರವಿರುವ ಅಂಗಡಿಯನ್ನು ಹೊರಗಿನಿಂದಲೂ ತೋರಿಸಿದಳು. ಆ ದೇಶದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುವು. ಬಳಿಕ ನೆಕ್ಕಾರ್ ನದಿಯ ನಡುಗಡ್ಡೆಗೆ ಹೋಗಿ, ಹೆಮ್ಮರಗಳ ಸಾಲಿನ ಕೆಳಗೆ ಒಂದು ಬೆಂಚಿನ ಮೇಲೆ ಕುಳಿತೆವು. ಉದ್ದನೆಯ ಗಳುವಿನಿಂದ ನೂಕುವ ಕಿರಿದೋಣಿಗಳು ಮೆಲ್ಲನೆ ಸಾಗುತ್ತಿದ್ದುವು. ಎದುರು ದಡದಲ್ಲಿ ಹ್ಯೋಲ್ಡರ್ಲಿನ್ ಕವಿಯ ಹಳದಿಯ ಗೋಪುರ. ಬುದ್ಧಿ ಕದಡಿದ ಆ ಕವಿಯನ್ನು 1807ರಲ್ಲಿ ಒಬ್ಬ ಬಡಗಿಯು ತನ್ನ ಮನೆಯಲ್ಲಿರಿಸಿಕೊಂಡನು. 1843ರಲ್ಲಿ ಕವಿಯು ತೀರಿಕೊಳ್ಳುವವರೆಗೆ, ಮೂವತ್ತಾರು ವರ್ಷ, ಆ ಮನೆಯವರು ಅವನನ್ನು ಸಲಹಿದರು.

ಇದನ್ನು ಹೇಳಿ ಮುಗಿಸಿದ ಮಗಳು ಗೆಳತಿಯರತ್ತ ತಿರುಗಿ, "ನಾನು ಬಂದದ್ದು ಒಂದು ಶನಿವಾರ ರಾತ್ರಿ. ಮರುದಿನ ಅಂಗಡಿಗಳಿಲ್ಲವೆಂದು ತಿಳಿಯದು. ಕೈಚೀಲದಲ್ಲಿದ್ದ ಅಮ್ಮನ ಚಕ್ಕುಲಿಯೇ ಅಂದಿನ ಊಟ. ಈ ಬೆಂಚಿನ ಮೇಲೆ ಕುಳಿತು ಅತ್ತೆ. ಮನೆಗೆ ಫೋನು ಮಾಡಿ ಊಟ ಚೆನ್ನಾಗಿತ್ತು ಅಂದೆ. ಸಂಜೆ ಹೆಸರೂ ತಿಳಿಯದ ಹುಡುಗಿಯೊಬ್ಬಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು" ಎಂದಳು.

ಇಬ್ಬರು ಗೆಳತಿಯರೂ ತಲೆ ತಗ್ಗಿಸಿದರು. ಅವರ ಬಳಿಯೂ ಅಂತಹ ಒಂದೊಂದು ಭಾನುವಾರವಿದ್ದಿತೆಂದು ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವರೂ ಒಬ್ಬೊಬ್ಬರಾಗಿ ಹೇಳತೊಡಗಿದರು. ಮನೆಯಾಕೆಯು ಮಾತನಾಡದೆ ಮಗಳ ಕೈಯನ್ನು ಹಿಡಿದುಕೊಂಡಳು. ನಮಗಾದರೋ, ಆ ಭಾನುವಾರದ ಫೋನನ್ನು ಇಟ್ಟೊಡನೆ "ನೋಡಿದೆಯಾ, ಹಾಯಾಗಿದ್ದಾಳೆ" ಎಂದು ನಾವೇ ನುಡಿದುದು ನೆನಪಾಯಿತು. ನಾಲ್ಕು ದಶಕ ಮಕ್ಕಳ ಮುಖವನ್ನು ಓದಿದೆವೆಂದು ಬೀಗುತ್ತಿದ್ದ ನಾವು ಸ್ವಂತ ಮಗಳ ದನಿಯನ್ನು ಓದಲಾರದೆ ಹೋಗಿದ್ದೆವು.

ಆದುದರಿಂದ ಪರಸ್ಥಳದಲ್ಲಿರುವ ತರುಣರಿಗೆ ನಮ್ಮ ಬಿನ್ನಹವಿಷ್ಟು: ಬಂದ ಮಿತ್ರರಿಗೆ ಒಂದು ದಿನ ಊರಿನ ಕೀರ್ತಿಯನ್ನು ತೋರಿಸಿರಿ, ಇನ್ನೊಂದು ದಿನ ನಿಮ್ಮ ಬಾಳನ್ನು ತೋರಿಸಿರಿ. ಹತ್ತರ ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿರಿ. ಭಾನುವಾರಕ್ಕೆ ಬೇಕಾದ ದಿನಸಿಯನ್ನು ಶನಿವಾರವೇ ತಂದಿಡಿರಿ. ಕೋಟೆ ಗೋಪುರಗಳ ವರ್ಣನೆ ಪುಸ್ತಕದಲ್ಲಿ ದೊರೆತೀತು. ನೀವು ಅತ್ತ ಬೆಂಚು ಯಾವುದೆಂದು ನಿಮ್ಮ ಹೊರತು ಹೇಳುವವರಿಲ್ಲ.

ಹಿರಿಯರಿಗೂ ಒಂದು ಮಾತು. ಊರಿಗೆ ಮರಳಿದ ಮೇಲೆ ನಾವು ಭಾನುವಾರ "ಊಟವಾಯಿತೇ?" ಎಂದು ಕೇಳುವುದನ್ನು ಬಿಟ್ಟು "ಏನು ಅಡಿಗೆ ಮಾಡಿದೆ?" ಎಂದು ಕೇಳತೊಡಗಿದೆವು. ಮೊದಲ ವಾರವೇ ಉತ್ತರ ಬಂದಿತು: "ಉಪ್ಪಿಟ್ಟು ಸೀದುಹೋಯಿತಪ್ಪ." ಅದನ್ನು ಕೇಳಿ ನಮಗಾದ ಸಮಾಧಾನವು ಇಷ್ಟೆಂದು ಹೇಳತೀರದು.