ಬೆಲೆ ವೈನಿಗಲ್ಲ, ಬಾಟಲಿಯ ಜಾತಕಕ್ಕೆ

2018ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ರೊಮಾನೆ-ಕಾಂಟಿ ಕೆಂಪು ವೈನಿನ ಒಂದೇ ಬಾಟಲಿ 5,58,000 ಡಾಲರಿಗೆ ಹೋಯಿತು. ಅದು 1945ರದ್ದು, ಹಳೆಯ ಬಳ್ಳಿಗಳನ್ನು ಕಿತ್ತುಹಾಕುವ ಮುನ್ನ ಆ ವರ್ಷ ತಯಾರಾದದ್ದು ಸುಮಾರು 600 ಬಾಟಲಿ ಮಾತ್ರ. ಆದರೆ ವಿರಳತೆಯೊಂದೇ ಈ ಬೆಲೆಗೆ ಕಾರಣವಲ್ಲ. ಆ ಬಾಟಲಿ ಬಂದದ್ದು ಬರ್ಗಂಡಿಯ ಹೆಸರಾಂತ ವೈನ್ ವ್ಯಾಪಾರಿ ರಾಬೇರ್ ದ್ರುವಾಂ ಅವರ ಸ್ವಂತ ನೆಲಮಾಳಿಗೆಯಿಂದ. ಮುಚ್ಚಿದ ಬಾಟಲಿಯ ರುಚಿ ನೋಡುವಂತಿಲ್ಲ. ಹಾಗಾಗಿ ಕೊಳ್ಳುವವರು ಹಣ ತೆರುವುದು ಅದು ಎಲ್ಲಿತ್ತು, ಯಾರ ಕೈ ದಾಟಿ ಬಂತು ಎಂಬ ನಂಬಲರ್ಹ ಚರಿತ್ರೆಗೆ.

ಆ ನಂಬಿಕೆ ಎಷ್ಟು ನಾಜೂಕು ಎಂಬುದಕ್ಕೆ 2008ರ ಪ್ರಸಂಗವೇ ಸಾಕ್ಷಿ. ವೈನ್ ತಯಾರಿಸುವ ಪೊನ್ಸೋ ಮನೆತನದ 'ಕ್ಲೋ ಸೇಂಟ್ ಡೆನಿ' ಹೆಸರಿನಲ್ಲಿ 1945ರ ಬಾಟಲಿ ಹರಾಜಿಗೆ ಬಂತು. ಆ ಮನೆತನ ಆ ವೈನ್ ತಯಾರಿಸತೊಡಗಿದ್ದೇ 1980ರ ದಶಕದಲ್ಲಿ! ಅದನ್ನು ಒದಗಿಸಿದ್ದ ರೂಡಿ ಕುರ್ನಿಯಾವಾನ್‌ಗೆ ನಕಲಿ ವೈನ್ ದಂಧೆಗಾಗಿ 2014ರಲ್ಲಿ 10 ವರ್ಷ ಜೈಲಾಯಿತು. ಬಾಟಲಿಯಲ್ಲಿ ವೈನ್ ಎಷ್ಟು ಇಳಿದಿದೆ, ಬಿರಡೆಯ ಗುರುತು, ಲೇಬಲ್ಲಿನ ಕಾಗದ ಎಂಥದ್ದು ಎಂದು ತಜ್ಞರು ಪರೀಕ್ಷಿಸುವುದಿಲ್ಲವೇ ಎನ್ನಬಹುದು. ಪರೀಕ್ಷಿಸುತ್ತಾರೆ, ಆದರೆ ಅದು ಹೊರಮೈಯ ತಪಾಸಣೆ. ಚಿನ್ನವನ್ನು ಒರೆಗೆ ಹಚ್ಚಿ ಮಾರಬಹುದು. ಹಳೆಯ ವೈನನ್ನು ಒರೆಗೆ ಹಚ್ಚಿದರೆ ಮಾರಲು ಉಳಿಯುವುದು ಖಾಲಿ ಬಾಟಲಿ.