‘ಇದು ಸ್ಟಿಕ್ಕರ್ ಅಲ್ವಾ?’: ಲೋಬ್ರೋ ಆರ್ಟ್ ಮತ್ತು ನನ್ನದೊಂದು ಥ್ಯಾಂಕ್ಸ್

ಇವತ್ತು ಒಂದು ಪದದ ಅರ್ಥ ಹೇಳ್ತೀನಿ. ಜೊತೆಗೆ ಬಾಕಿ ಉಳಿದಿರೋ ಒಂದು ಥ್ಯಾಂಕ್ಸ್ ಕೂಡ ಇದೆ.

ನಾನು ಬರೆಯೋದು ಮೂರು ಕಣ್ಣಿನ ಬೆಕ್ಕು, ಹಲ್ಲು ಕಿರಿಯೋ ಆಟೋ, ಟೀ ಕುಡಿಯೋ ಅಸ್ಥಿಪಂಜರದಂಥ ಚಿತ್ರಗಳು. ಎರಡು ವರ್ಷದ ಹಿಂದೆ ಒಂದು ಗ್ಯಾಲರಿಗೆ ಇವುಗಳ ಫೋಟೊ ಕಳಿಸಿದ್ದೆ. “ಚೆನ್ನಾಗಿದೆ, ಆದ್ರೆ ಇದು ಸ್ಟಿಕ್ಕರ್ ಅಲ್ವಾ?” ಅಂದ್ರು. ಆಮೇಲೆ ಸುಮಾರು ದಿನ ಬ್ರಷ್ ಮುಟ್ಟಲಿಲ್ಲ.

ಈ ಥರದ ಚಿತ್ರಗಳಿಗೆ ಲೋಬ್ರೋ ಅಂತಾರೆ. ‘ಕೀಳು ಅಭಿರುಚಿಯದ್ದು’ ಅಂತ ಮೂದಲಿಸೋಕೆ ಬಳಸೋ ಪದ ಅದು. ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅದನ್ನೇ ತಮ್ಮ ಪುಸ್ತಕದ ಹೆಸರಲ್ಲಿ ಹಾಕಿಕೊಂಡರು. ದೊಡ್ಡ ಕಲಾಸಂಸ್ಥೆಗಳು ಹೇಗೂ ಒಪ್ಪಲ್ಲ, ಹಾಗಾದ್ರೆ ನಾವೇ ಆ ಹೆಸರು ಇಟ್ಕೊಳ್ಳೋಣ ಅನ್ನೋ ಧೋರಣೆ ಅವರದ್ದು. 1960ರ ದಶಕದಲ್ಲಿ ಅವರು ಕಾರುಗಳನ್ನ ಚಿತ್ರವಿಚಿತ್ರವಾಗಿ ರೂಪಿಸ್ತಿದ್ದ ಎಡ್ ರಾತ್ ಹತ್ತಿರ ಕೆಲಸ ಮಾಡಿದ್ದರು. ಆಮೇಲೆ ‘ಜ್ಯಾಪ್’ ಕಾಮಿಕ್ಸ್‌ಗೂ ಬರೆದರು. ಲೋಬ್ರೋ ಬೇರುಗಳು ಇರೋದು ಇಲ್ಲೇ: ಕಾಮಿಕ್ಸ್, ಟ್ಯಾಟೂ, ರಾಕ್ ಪೋಸ್ಟರ್, ಕಾರಿನ ಮೈಮೇಲೆ ಕೈಯಿಂದಲೇ ತೆಳ್ಳಗೆ ಬಣ್ಣದ ಗೆರೆ ಎಳೆಯೋ ಕಸುಬು.

ಹಾಗಾದ್ರೆ ಇವನ್ನ ತೂಗುಹಾಕೋಕೆ ಗೋಡೆ ಎಲ್ಲಿ? 1986ರಲ್ಲಿ ಬಿಲ್ಲಿ ಶೈರ್ ಅನ್ನೋ ಅಂಗಡಿ ಮಾಲೀಕರು ಲಾಸ್ ಏಂಜಲೀಸ್‌ನಲ್ಲಿ ‘ಲಾ ಲೂಸ್ ದೆ ಹೇಸೂಸ್’ ಗ್ಯಾಲರಿ ಶುರುಮಾಡಿದ್ರು. ಅವರ ಅಂಗಡಿಯಲ್ಲಿ ಆಟಿಕೆ, ಪುಸ್ತಕ, ಚಿತ್ರವಿಚಿತ್ರ ಸಾಮಾನು ಸಿಗ್ತಿತ್ತು. ಅಂಗಡಿಗೆ ಬಂದವರು ಹಾಗೇ ಗ್ಯಾಲರಿಗೂ ಕಾಲಿಡ್ತಿದ್ದರು. ನನಗೆ ಇದೇ ಮುಖ್ಯ ಅನ್ಸುತ್ತೆ. ‘ನಂಗೆ ಆರ್ಟ್ ಅರ್ಥ ಆಗಲ್ಲ’ ಅನ್ನೋ ಅಂಜಿಕೆ ಇಲ್ಲದೆ ಜನ ಒಳಗೆ ಬಂದ್ರು. 1994ರಲ್ಲಿ ವಿಲಿಯಮ್ಸ್ ಮತ್ತು ಗೆಳೆಯರು ‘ಜಕ್ಸ್ಟಪೋಸ್’ ಪತ್ರಿಕೆ ತಂದ್ರು. ಗೋಡೆ ಜೊತೆಗೆ ಈ ಕಲೆಗೆ ಪುಟಗಳೂ ಸಿಕ್ಕವು.

ಈಗ ನನ್ನ ಥ್ಯಾಂಕ್ಸ್. ಕಳೆದ ವರ್ಷ ನಮ್ಮೂರಿನ ಒಂದು ಪುಟ್ಟ ಗ್ಯಾಲರಿ ನನ್ನ ಹನ್ನೊಂದು ಚಿತ್ರ ಹಾಕ್ತು. ಅದನ್ನ ನಡೆಸೋ ಮೇಡಂ ‘ಸ್ವಲ್ಪ ಡೀಸೆಂಟ್ ಮಾಡಿ’ ಅಂತ ಒಮ್ಮೆಯೂ ಹೇಳಲಿಲ್ಲ. ಹೋಗಿದ್ದು ಅವರ ಕೈಯಿಂದ ಬಾಡಿಗೆ, ಕರೆಂಟು. ಮುನಿಸಿಕೊಂಡಿದ್ದು ಅವರ ಹಳೇ ಗಿರಾಕಿಗಳು. ನನಗೇನು ನಷ್ಟ ಇರಲಿಲ್ಲ.

ಮೂರನೇ ದಿನ ಎದುರು ಬೀದಿಯಲ್ಲಿ ನಂಬರ್ ಪ್ಲೇಟ್ ಬರೆಯೋ ಅಣ್ಣ ಒಬ್ಬರು ಬಂದ್ರು. ಚಪ್ಪಲಿ ಹೊರಗೆ ಬಿಟ್ಟು, ಆಟೋ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. “ಈ ಗೆರೆ ಒಂದೇ ಸಲಕ್ಕೆ ಎಳೆದ್ರಾ?” ಅಂದ್ರು. ಹೌದು ಅಂದೆ. “ಕೈ ಚೆನ್ನಾಗಿದೆ. ಮಧ್ಯದಲ್ಲಿ ಉಸಿರು ಬಿಟ್ಟಿದ್ದೀರ, ಅಲ್ಲಿ ದಪ್ಪ ಆಗಿದೆ ನೋಡಿ.”

ಅದು ನಿಜ. ಅಲ್ಲಿವರೆಗೆ ಯಾರೂ ಅದನ್ನ ಗಮನಿಸಿರಲಿಲ್ಲ, ನಾನೂ ಸೇರಿ. ಫೋನಲ್ಲಿ ನೋಡಿದ್ರೆ ಅದು ಕಾಣೋದೂ ಇಲ್ಲ. ಗೋಡೆ ಮೇಲೆ ಇದ್ದಿದ್ದಕ್ಕೆ ಅವರಿಗೆ ಕಾಣ್ತು. ಬಾಗಿಲು ತೆರೆದಿದ್ದಕ್ಕೆ ಅವರು ಬಂದ್ರು.

ಮೇಡಂ, ನೀವಿದನ್ನ ಕೇಳ್ತಿದ್ರೆ, ಥ್ಯಾಂಕ್ಸ್. ಉಳಿದವರಿಗೆ ಒಂದೇ ಮಾತು: ನಿಮ್ಮೂರಲ್ಲಿ ಇಂಥ ಪುಟ್ಟ ಗ್ಯಾಲರಿ ಇದ್ರೆ ಈ ಭಾನುವಾರ ಒಳಗೆ ಹೋಗಿ ನೋಡಿ. ಮುಂದಿನ ವಾರ ಸಿಗೋಣ.